ಕೆಂಪು ಕಾರಿಗೆ ಮೆತ್ತನೆಯ ಟೈರು

ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿಯ ಸುಗ್ಗಿ ನಡೆದ ವರ್ಷ ನಮ್ಮ ಯಜಮಾನರೂ ಒಂದು ಅರ್ಜಿ ಬರೆದುಕೊಟ್ಟು, ನಲವತ್ತೇಳನೆಯ ವಯಸ್ಸಿಗೆ ಮನೆಯಲ್ಲಿ ಕೂತರು. ಸುಮ್ಮನೆ ಕೂತಿದ್ದರೆ ನನಗೂ ಬರೆಯಲು ಏನೂ ಇರುತ್ತಿರಲಿಲ್ಲ. ಹೈದರಾಬಾದಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ಎರಡೇ ಬಾಗಿಲು, ತಲೆಯ ಮೇಲೆ ತಗಡಿಲ್ಲ, ಮಡಚಿಡುವ ಬಟ್ಟೆ. ಬಣ್ಣ ಕೆಂಪು. ಬೇಸಿಗೆಯಲ್ಲಿ ನಾಯಿ ಕೂಡ ನೆರಳು ಬಿಟ್ಟು ಏಳದ ಕಲಬುರಗಿಯಲ್ಲಿ ಬಟ್ಟೆ ಹೊದ್ದ ಕಾರು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಮಾತು ಬಾಯಿಯ ತನಕ ಬಂದಿತ್ತು, ನುಂಗಿಕೊಂಡೆ. ನುಂಗಬಾರದಿತ್ತು.

ನಮ್ಮ ಮನೆ ಜೇವರ್ಗಿ ಕಾಲೋನಿಯಲ್ಲಿ. ನಾನು ವಿಜ್ಞಾನ ಕಲಿಸುತ್ತಿದ್ದ ಹೈಸ್ಕೂಲು ಕಮಲಾಪುರದಲ್ಲಿ. ಎಂಬತ್ತರ ದಶಕದ ಕೊನೆಗೆ ನೌಕರಿಗೆ ಸೇರಿದವಳು ನಾನು. ಅಲ್ಲಿ ಇಲ್ಲಿ ಸುತ್ತಿ ಕಮಲಾಪುರಕ್ಕೆ ಬಂದು ಆರು ವರ್ಷವಾಗಿತ್ತು. ಆರು ವರ್ಷ ದಿನವೂ ಬಸ್ಸು. ಸೀಟು ಸಿಕ್ಕರೆ ಹಿಂದಿನ ಚಕ್ರದ ಮೇಲಿನದೇ ಸಿಗುತ್ತಿತ್ತು. ಕೊನೆಗೊಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಸುಣ್ಣದ ಕಡ್ಡಿ ಬಿತ್ತೆಂದು ಬಗ್ಗಿದೆ, ಮೇಲೆ ಏಳಲಾಗಲಿಲ್ಲ. ಹುಡುಗಿಯರು ಎತ್ತಿ ಬೆಂಚಿನ ಮೇಲೆ ಮಲಗಿಸಿದರು.

ಎಲುಬಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಹೇಳಿದರು: "ಬೆನ್ನಿನ ಮಣಿ ನಡುವಿನ ಗಾದಿ ಜರದದ್ರಿ. ಇನ್ನೊಂದು ವರ್ಷ ಝಟಕಾ ಬೀಳಬಾರದು. ಬಸ್ ಅಂತೂ ಬಿಲ್ಕುಲ್ ಬ್ಯಾಡ. ಝಟಕಾ ಬಿದ್ರ ಎಡಗಾಲಿಗೆ ಬರ್ತದ. ಆಮ್ಯಾಲ ಆಪರೇಷನ್ ಮಾಡಿದ್ರೂ ಕಾಲು ಮೊದಲಿನಂಗ ಆಗ್ತದ ಅಂತ ನಾ ಗ್ಯಾರಂಟಿ ಕೊಡಂಗಿಲ್ಲ."

ನಡುವಿಗೆ ಕಟ್ಟಿಕೊಳ್ಳಲು ಒಂದು ಬೆಲ್ಟ್ ಕೊಟ್ಟರು. ಇದ್ದ ರಜೆಯೆಲ್ಲ ಮಲಗಿಯೇ ಮುಗಿಯಿತು. ಊರೊಳಗೆ ವರ್ಗಾವಣೆ ಕೇಳಿದೆ, ಜಾಗ ಖಾಲಿ ಇಲ್ಲ ಎಂದರು. ಮಗಳು ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮನೆಯಲ್ಲಿ ದುಡಿಯುವವಳು ಈಗ ನಾನೊಬ್ಬಳೇ. ಪಗಾರದ ಮಾತು ಒತ್ತಟ್ಟಿಗಿರಲಿ, ನನಗೆ ಪಾಠ ಮಾಡುವುದೆಂದರೆ ಪ್ರಾಣ. ಮನೆಯಲ್ಲಿ ನನ್ನ ಮಾತನ್ನು ಯಾರೂ ಪೂರ್ತಿ ಕೇಳಿದ್ದಿಲ್ಲ. ಅಲ್ಲಿ ಅರವತ್ತು ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಬೆನ್ನು ಉಳಿಯಬೇಕು, ನೌಕರಿಯೂ ಉಳಿಯಬೇಕು. ಅದಕ್ಕಿಂತ ಹೆಚ್ಚಿನದೇನನ್ನೂ ನಾನು ದೇವರ ಹತ್ತಿರವೂ ಕೇಳಲಿಲ್ಲ, ಗಂಡನ ಹತ್ತಿರವೂ ಕೇಳಲಿಲ್ಲ.

"ನಾ ಇಲ್ಲೇನು?" ಎಂದರು ಯಜಮಾನರು. "ದಿನಾ ಕಾರಿನಾಗ ಬಿಟ್ಟು, ಸಂಜಿಕ ಕರ್ಕೊಂಡು ಬರ್ತೀನಿ. ರಾಣಿ ಹಂಗ ಹೋಗು."

ಆ ಮಾತಿಗೆ ನನಗೆ ಕಣ್ಣಲ್ಲಿ ನೀರು ಬಂತು ಅಂದರೆ ನೋಡಿ, ಎಂಥ ಹುಚ್ಚಿ ನಾನು.

ಆ ಕಾರಿನಲ್ಲಿ ಕೂರುವುದೆಂದರೆ ನೆಲದ ಮೇಲೆ ಕೂತಂತೆ. ಒಂದು ಕೈಯಿಂದ ಬಾಗಿಲು ಹಿಡಿದು, ಇನ್ನೊಂದು ಕೈಯಿಂದ ಸೀರೆ ಹಿಡಿದು, ಕುಂಡಿ ಮೊದಲು ಒಳಗೆ ಹಾಕಿ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಎತ್ತಿಟ್ಟುಕೊಳ್ಳಬೇಕು. ದಿಂಬು ಇಟ್ಟುಕೊಂಡರೆ ತಲೆ ಮೇಲಿನ ಬಟ್ಟೆಗೆ ತಗುಲುತ್ತಿತ್ತು. ಹೈದರಾಬಾದಿನ ಹಳೆಯ ಮಾಲೀಕ ಷೋಕಿಗೆಂದು ಅಗಲವಾದ ಟೈರು ಹಾಕಿಸಿದ್ದ. ರಿಮ್ಮಿನಿಂದ ನೆಲಕ್ಕೆ ನಾಲ್ಕು ಬೆರಳೂ ರಬ್ಬರು ಇರಲಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ಒಂದು ಕಡ್ಡಿಯ ಮೇಲೆ ಚಕ್ರ ಹಾಯ್ದರೂ ಅದು ನನ್ನ ನಡುವಿಗೆ ಗೊತ್ತಾಗುತ್ತಿತ್ತು. ಅದರ ಮೇಲೆ ಆ ಸಪ್ಪಳ! ಹುಮನಾಬಾದ್ ರಿಂಗ್ ರೋಡ್ ದಾಟಿ ವೇಗ ಹೆಚ್ಚಿತೋ ಇಲ್ಲವೋ, ಹಿಟ್ಟಿನ ಗಿರಣಿಯೊಳಗೆ ಕೂತಂತೆ ಗುಂಯ್ ಎಂದು ಶುರುವಾಗಿ ಕಮಲಾಪುರದ ತನಕ ನಿಲ್ಲುತ್ತಿರಲಿಲ್ಲ. "ರೀ, ಸ್ವಲ್ಪ ಸಾವಕಾಶ" ಎಂದು ನಾನು ಹೇಳಿದರೆ "ಆಂ?" ಅನ್ನುತ್ತಿದ್ದರು. ನಲವತ್ತು ಕಿಲೋಮೀಟರು ನಾನು ಎರಡೂ ಅಂಗೈಗಳನ್ನು ಸೀಟಿಗೆ ಊರಿ, ಮೈಯನ್ನು ಎತ್ತಿ ಹಿಡಿದುಕೊಂಡೇ ಹೋಗುತ್ತಿದ್ದೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಕಮಲಾಪುರದಲ್ಲಿ ಮಾತ್ರ ಜಾತ್ರೆಯೇ ಜಾತ್ರೆ. ಆ ಊರಿನ ಕೆಂಪು ಬಾಳೆಹಣ್ಣು ಎಲ್ಲರಿಗೂ ಗೊತ್ತು. ಕಾರು ಗೇಟಿನ ಹತ್ತಿರ ಬರುತ್ತಲೂ ಮಕ್ಕಳು "ಕೆಂಪು ಬಾಳಿ ಬಂತು, ಕೆಂಪು ಬಾಳಿ ಬಂತು" ಎಂದು ಓಡಿ ಬರುತ್ತಿದ್ದರು. ಯಜಮಾನರು ಕಪ್ಪು ಕನ್ನಡಕ ತೆಗೆಯದೆ ನಗುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಹಿಂದಿ ಟೀಚರು "ಏನ್ ನಸೀಬ್ರೀ ನಿಮ್ದು! ನಮ್ಮವರಿಗೆ ಸೈಕಲ್ ಮ್ಯಾಲ ಕೂಡಿಸ್ಕೊಂಡು ಹೋಗೋದೂ ಭಾರ" ಎಂದರು. ನಾನು ಗೋಡೆ ಹಿಡಿದು ನಿಂತು, ಹೂಂ ಎಂದೆ. ನಸೀಬು ಯಾವ ಬಣ್ಣದ್ದೆಂದು ಹೊರಗಿನವರಿಗೆ ಹೇಗೆ ತಿಳಿಯಬೇಕು.

ನನ್ನ ಪುಣ್ಯಕ್ಕೆ ಆ ಟೈರುಗಳು ಸವೆದಿದ್ದವು. ಮೂರು ತಿಂಗಳಲ್ಲಿ ಒಂದರ ಒಳಗಿನ ತಂತಿ ಹೊರಗೆ ಕಾಣತೊಡಗಿತು, ನಾಲ್ಕನ್ನೂ ಬದಲಿಸಬೇಕಾಯಿತು. ನಾನು ಅಂದೇ ಹೇಳಿದೆ: "ಈ ಸಲ ಮೆತ್ತಗಿರೋವು, ಸಪ್ಪಳ ಇಲ್ಲದೋವು ನೋಡಿ ಹಾಕಸ್ರಿ." ಯಜಮಾನರಿಗೆ ಸಿಡಿಮಿಡಿ. "ಅದು ಸ್ಪೋರ್ಟ್ಸ್ ಕಾರು. ಅದಕ್ಕ ಮುದುಕರ ಟೈರ್ ಹಾಕಸಬೇಕಾ?" ಒಂದು ವಾರ ಇದೇ ಜಗಳ. ಕೊನೆಗೆ ತೀರ್ಪು ಕೊಟ್ಟವರು ನಮ್ಮ ಅತ್ತೆ. ಅವರು ನನ್ನ ಪರ ಮಾತಾಡಿದ್ದು ಇಪ್ಪತ್ತೈದು ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ, ಅದರಲ್ಲಿ ಇದೊಂದು. ಅಡುಗೆಮನೆಯಿಂದಲೇ ಕೂಗಿದರು: "ಅಕಿ ಪಗಾರ ನಿಂತ್ರ ನಿನ್ನ ಕಾರಿಗಿ ಎಣ್ಣಿ ಯಾರ ಹಾಕ್ತಾರಲೇ? ಅಕಿ ಹೇಳಿದ್ದು ಹಾಕ್ಸು."

ಅತ್ತೂ ಕರೆದೂ ಔತಣ ಮಾಡಿಸಿಕೊಂಡಂತಾಯಿತು, ಆದರೂ ಔತಣವೇ ಅಂದುಕೊಂಡೆ.

ಒಂದು ರವಿವಾರ ಇಬ್ಬರೂ ಹೋದೆವು. ಟೈರಿನ ಅಂಗಡಿಗೆ ಹೆಂಗಸು ಇಳಿದು ಹೋಗುವ ರೂಢಿ ನಮ್ಮ ಕಡೆ ಇಲ್ಲ. ಗಂಡಸರು ಒಳಗೆ, ಹೆಂಗಸು ಗಾಡಿಯಲ್ಲಿ, ಗಾಡಿಯ ಕಿಟಕಿಗೇ ಒಂದು ಕಪ್ಪು ಚಹಾ ಬರುತ್ತದೆ. ಅದೇ ಮರ್ಯಾದೆ. ಮೊದಲಿನ ದೊಡ್ಡ ಅಂಗಡಿಯಲ್ಲಿ ಹಾಗೆಯೇ ಆಯಿತು. ಗಾಜಿನಾಚೆ ನಮ್ಮವರು ಮತ್ತು ಅಂಗಡಿಯವನು ಹೊಳೆಯುವ ಅಗಲ ಟೈರೊಂದನ್ನು ಮೊಮ್ಮಗನನ್ನು ಎತ್ತಿ ಆಡಿಸುವಂತೆ ತಿರುಗಿಸುತ್ತಿದ್ದರು. ನನ್ನ ಬೆನ್ನಿಗೆ ಬೇಕಾದದ್ದನ್ನು ನನ್ನನ್ನು ಬಿಸಿಲಿನಲ್ಲಿ ಕೂರಿಸಿ ಅವರಿಬ್ಬರು ಆರಿಸುತ್ತಿದ್ದರು! ಚಹಾದ ಕಪ್ಪನ್ನು ನೆಲಕ್ಕಿಟ್ಟು, ಬಾಗಿಲು ಹಿಡಿದು, ಹೇಗೋ ಎದ್ದು ಒಳಗೆ ಹೋದೆ. ಇಬ್ಬರೂ ಮಾತು ನಿಲ್ಲಿಸಿದರು. "ಇದು ಬ್ಯಾಡ" ಎಂದೆ. ಅಂಗಡಿಯವನು ನಮ್ಮವರ ಮುಖ ನೋಡಿದ.

ಎರಡನೆಯ ಅಂಗಡಿ ರಿಂಗ್ ರೋಡಿನಲ್ಲಿ, ಒಬ್ಬ ವಯಸ್ಸಾದ ಚಾಚಾನದು. ಅವನು ನಾನು ಬಗ್ಗಿ ನಡೆದು ಬರುವುದನ್ನು ಕಂಡವನೇ ತಾನು ಕೂತಿದ್ದ ಸ್ಟೂಲು ಕೊಟ್ಟ. "ಕಮರ್ ಕಾ ದರ್ದ್ ಏನಮ್ಮಾ? ನಮ್ಮ ಮನ್ಯಾಗೂ ಅದ." ಎರಡು ಟೈರು ಉರುಳಿಸಿ ತಂದು ನನ್ನ ಮುಂದೆಯೇ ನಿಲ್ಲಿಸಿದ. ಅಗಲದ್ದರ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿದ, ಅದು ಮಣಿಯಲಿಲ್ಲ. ಇನ್ನೊಂದು ಅಷ್ಟು ಅಗಲವಿಲ್ಲ, ಆದರೆ ಪಕ್ಕದ ಗೋಡೆ ಎತ್ತರ. ಒತ್ತಿದರೆ ಒಳಗೆ ಹೋಗಿ ಹೊರಗೆ ಬಂತು. "ಇದು ಕಡಕ್ ರೊಟ್ಟಿ, ಇದು ಬಿಸಿ ರೊಟ್ಟಿ. ನೀವs ಹಿಚಿಕಿ ನೋಡ್ರಿ" ಎಂದ. ನಾನೂ ಒತ್ತಿ ನೋಡಿದೆ. ಆಮೇಲೆ ಉಗುರಿನಿಂದ ಟೈರಿನ ಮೈಮೇಲಿನ ಕಚ್ಚುಗಳನ್ನು, ಅವುಗಳ ನಡುವಿನ ರಬ್ಬರಿನ ಗಡ್ಡೆಗಳನ್ನು ಗೀರಿ ತೋರಿಸಿದ. "ಗಡ್ಡಿ ದೊಡ್ಡದಿದ್ದು ಎಲ್ಲಾ ಒಂದೇ ಅಳತಿ ಇದ್ರ ಗುಂಯ್ ಅಂತದ. ಇವು ನೋಡ್ರಿ, ಸಣ್ಣವು, ಒಂದರಂಗ ಒಂದಿಲ್ಲ. ಇದು ಮಾತಾಡಂಗಿಲ್ಲ."

ಒಬ್ಬ ಮನುಷ್ಯ ನನಗೆ ಹೀಗೆ ಬಿಡಿಸಿ ಹೇಳಿದ್ದು ಎಷ್ಟು ವರ್ಷದ ಮೇಲೋ. ಅದನ್ನೇ ಹಾಕಿ ಎಂದೆ. ಯಜಮಾನರು ದೂರ ನಿಂತು ನೋಡಿ, "ಪೈಲ್ವಾನಗ ಹವಾಯಿ ಚಪ್ಪಲಿ ಹಾಕ್ದಂಗ ಕಾಣ್ತದ" ಎಂದು ಗೊಣಗಿದರು. ಚಾಚಾ ನಾಲ್ಕೂ ಟೈರು ಕೂರಿಸಿ, ಗಾಳಿಯ ಪೈಪು ಸುತ್ತಿಡುತ್ತ ನನಗೆ ಹೇಳಿದ: "ಹೆಣ್ಮಕ್ಕಳು ಕೂಡೋ ಗಾಡಿ ಅದ. ನಡುದಾರ್ಯಾಗ ಪಂಕ್ಚರ್ ಆಗಿ ನೀವು ರೋಡಿನ ಮ್ಯಾಲ ನಿಂದರಬಾರದು. ಟೈಟ್ ಹಾಕೀನಿ ಅಮ್ಮಾ, ಬೇಫಿಕರ್ ಹೋಗ್ರಿ." ಭಾಳ ಉಪಕಾರ ಆಯಿತು ಚಾಚಾ, ಎಂದೆ. ನಮ್ಮ ಊರಿನಲ್ಲಿ ಹೆಂಗಸರಿರುವ ಗಾಡಿಗೆ ಗಾಳಿ ಬಿಗಿಯಾಗಿ ತುಂಬಿ ಕಳಿಸುವುದು ದೊಡ್ಡ ಗೌರವ.

ಮರುದಿನದಿಂದ ಗುಂಯ್ ಎನ್ನುವ ಸಪ್ಪಳ ಇಲ್ಲವಾಯಿತು, ನಿಜ. ಆದರೆ ಪೆಟ್ಟು? ಪೆಟ್ಟು ಹಾಗೆಯೇ ಇತ್ತು. ಗುಂಡಿ ಬಂದರೆ ಮೊದಲು ಧಡ್ ಎನ್ನುತ್ತಿದ್ದ ಕಾರು ಈಗ ಜಿಗಿಯುತ್ತಿತ್ತು. ನಾನು ಮತ್ತೆ ಅಂಗೈ ಊರಿದೆ. ಹದಿನೈದು ದಿನ ಸುಮ್ಮನಿದ್ದು ಒಂದು ಸಂಜೆ "ಇನ್ನೂ ನೋಯ್ತದ್ರಿ" ಎಂದೆ. ಎಂದಿದ್ದೇ ತಪ್ಪಾಯಿತು.

"ನೀ ಹೇಳಿದ ಟೈರ್, ನೀ ಹೇಳಿದ ಅಂಗಡಿ. ಇನ್ನೇನು ಹಾಸಿಗಿ ಕಟ್ಲೇನು ಚಕ್ರಕ್ಕ?" ಎಂದರು ಯಜಮಾನರು.

ಅತ್ತೆಯೂ ಪಕ್ಷ ಬದಲಿಸಿದರು. "ಕುಣಿಲಾರದಾಕಿ ನೆಲ ಡೊಂಕ ಅಂದಳಂತ. ನಿಂದು ಬೆನ್ನಿಂದಲ್ಲ, ಮನಸಿಂದು ಬ್ಯಾನಿ" ಎಂದರು.

ದಿನಾ ಅದನ್ನೇ ಕೇಳಿದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಮನಸ್ಸಿನದೇ ಇರಬೇಕು ಅಂದುಕೊಂಡು ನಾನು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಎಡಗಾಲಿನ ಕಿರುಬೆರಳು ಜೋಮು ಹಿಡಿಯತೊಡಗಿತು. ಆಮೇಲೆ ಅದರ ಪಕ್ಕದ್ದು. ಶಾಲೆ ಬಿಟ್ಟು ಬರುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಗೊತ್ತಾಗುತ್ತಿರಲಿಲ್ಲ. ಹಿಂದಿನಿಂದ ಮಕ್ಕಳು "ಟೀಚರ್, ಚಪ್ಪಲ್ ರೀ" ಎಂದು ಕೂಗಿದಾಗ ತಿರುಗಿ ನೋಡುತ್ತಿದ್ದೆ. ಡಾಕ್ಟರು ಹೇಳಿದ್ದು ಬರುತ್ತಿದೆ ಎಂದು ಗೊತ್ತಾಯಿತು. ಮನೆಯಲ್ಲಿ ಹೇಳಲಿಲ್ಲ, ಯಾರಿಗೆ ಹೇಳುವುದು.

ಒಂದು ಶನಿವಾರ ಒಂಬತ್ತನೆಯ ತರಗತಿಗೆ ಒತ್ತಡದ ಪಾಠ ಮಾಡುತ್ತಿದ್ದೆ. ಆಟದ ಕೋಣೆಯಿಂದ ಎರಡು ವಾಲಿಬಾಲು ತರಿಸಿದೆ. ಒಂದಕ್ಕೆ ಗಾಳಿ ಬಿಗಿಯಾಗಿ ತುಂಬಿತ್ತು, ಇನ್ನೊಂದು ಸ್ವಲ್ಪ ಸಡಿಲ. ಎರಡನ್ನೂ ಮೇಜಿನ ಎತ್ತರದಿಂದ ಬಿಟ್ಟೆ. "ನೋಡಿ, ಗಾಳಿ ಬಿಗಿಯಾದಷ್ಟೂ ಚೆಂಡು ಪೆಟ್ಟನ್ನು ತಾನು ತಿನ್ನುವುದಿಲ್ಲ, ವಾಪಸ್ಸು ಕೊಡುತ್ತದೆ" ಎಂದು ಹೇಳಿ, ಹೇಳಿದ ಮಾತು ನನ್ನ ಕಿವಿಗೇ ಬಿದ್ದು ನಿಂತುಬಿಟ್ಟೆ. ಥೂ ನನ್ನ ಜನ್ಮಕ್ಕಿಷ್ಟು! ಹದಿನೈದು ವರ್ಷ ಊರ ಮಕ್ಕಳಿಗೆ ವಿಜ್ಞಾನ ಹೇಳಿದವಳಿಗೆ ತಾನು ಕೂತ ಗಾಡಿಯ ಗಾಳಿ ಹೊಳೆದಿರಲಿಲ್ಲ. ಟೈರು ಮೆತ್ತಗಿನದೇ. ಗಾಳಿ ತುಂಬಿ ಅದನ್ನು ಕಲ್ಲು ಮಾಡಿದ್ದರು.

ಅಂದು ವಾಪಸ್ಸು ಬರುವಾಗ ಕಾರಿನ ಮುಂದಿನ ಡಬ್ಬಿಯಲ್ಲಿದ್ದ ಕಂಪನಿಯ ಪುಸ್ತಕ ತೆಗೆದು ಓದಿದೆ. ಚಕ್ರಕ್ಕೆ ಗಾಳಿ ಇಪ್ಪತ್ತಾರು ಪಾಯಿಂಟು ಎಂದಿತ್ತು. ಸೋಮವಾರ ಮುಂಜಾನೆ ರಿಂಗ್ ರೋಡಿನಲ್ಲಿ ಚಾಚಾನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದೆ. ಯಜಮಾನರು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದರು. ಕೇಳಿದರೆ ಬೇಡ ಅನ್ನುತ್ತಾರೆ ಎಂದು ಗೊತ್ತಿತ್ತು, ಹಾಗಾಗಿ ಅವರು ರಸ್ತೆ ದಾಟುವ ತನಕ ಕಾದೆ. ಚಾಚಾ ಗೇಜು ಹಚ್ಚಿ ನೋಡಿದ. ನಲವತ್ತು. ನಾನು ಚೆಂಡಿನ ಪಾಠ ಅವನಿಗೂ ಹೇಳಿದೆ, ಎಡಗಾಲಿನ ಬೆರಳೂ ತೋರಿಸಿದೆ. ಮುದುಕ ಎರಡೂ ಕೆನ್ನೆಗೆ ಬಡಿದುಕೊಂಡ. "ತೋಬಾ ತೋಬಾ! ನಾನs ಹಾಕೀನಲ್ಲಮ್ಮಾ. ಚಲೋ ಆಗ್ಲಿ ಅಂತ ಹಾಕ್ದೆ." ಒಂದೊಂದು ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಇಪ್ಪತ್ತಾರಕ್ಕೆ ಬರುವ ತನಕ ಗಾಳಿ ಬಿಟ್ಟ. ದುಡ್ಡು ಕೊಡಹೋದರೆ ಕೈ ಮುಗಿದ. ಗಾಳಿ ಬಿಟ್ಟಿದ್ದಕ್ಕೆ ಯಾರು ದುಡ್ಡು ತೊಗೋತಾರೆ ಎಂದ.

ಆ ದಿನದ ಪ್ರಯಾಣ ಇವತ್ತಿಗೂ ಮೈಗೆ ನೆನಪಿದೆ. ಗುಂಡಿ ಬಂತು, ಕಾರು ಇಳಿಯಿತು, ಏರಿತು, ನನ್ನ ನಡುವಿನ ತನಕ ಏನೂ ಬರಲಿಲ್ಲ. ನಾನು ಅಂಗೈಗಳನ್ನು ಸೀಟಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡೆ. ಸಪ್ಪಳವೇ ಇಲ್ಲ. ಮೆಲ್ಲಗೆ ಮಾತಾಡಿದರೂ ಕೇಳುವಷ್ಟು ಶಾಂತ. ನನಗೆ ಎಷ್ಟು ಖುಷಿಯಾಯಿತೆಂದರೆ ಗಂಡನ ಜೊತೆ ಹರಟೆ ಹೊಡೆದೆ, ಮಗಳ ಪತ್ರದ ಸುದ್ದಿ ಹೇಳಿದೆ. ಅವರು "ಸ್ಟೇರಿಂಗ್ ಯಾಕೋ ಜಡ ಆಗ್ಯಾದ" ಎಂದರು. ನಾನು ಹೊರಗೆ ತೊಗರಿಯ ಹೊಲ ನೋಡಿದೆ.

ಆರು ದಿನ. ಸೋಮವಾರದಿಂದ ಶನಿವಾರದ ತನಕ. ಆ ಆರು ದಿನ ಮೇಜು ಹಿಡಿಯದೆ ನಿಂತು ಪಾಠ ಮಾಡಿದೆ. ಶುಕ್ರವಾರ ಚಪ್ಪಲಿ ಕಳಚಿದ್ದು ತಾನಾಗಿಯೇ ಗೊತ್ತಾಯಿತು. ಗೊತ್ತಾಗಿ, ಶಾಲೆಯ ಅಂಗಳದ ನಡುವೆ ಒಬ್ಬಳೇ ನಕ್ಕೆ. ಮನಸ್ಸಿನ ಬೇನೆಯಲ್ಲ, ನನ್ನದು ಬೆನ್ನಿನದೇ ಬೇನೆ, ಅದಕ್ಕೆ ಮದ್ದೂ ಸಿಕ್ಕಿದೆ ಎಂದು.

ಮರು ಸೋಮವಾರ ಮಹಾಗಾಂವ ಕ್ರಾಸಿನಲ್ಲಿ ಯಜಮಾನರು ಕಾರು ನಿಲ್ಲಿಸಿದರು. ಬೇವಿನ ಮರದ ಕೆಳಗೆ ಒಂದು ಪಂಕ್ಚರ್ ಅಂಗಡಿ. ಇಳಿಯದೆ, ಕಿಟಕಿಯಿಂದಲೇ ಹೇಳಿದರು: "ನಾಕಕ್ಕೂ ನಲವತ್ತು ಹಾಕಪಾ."

"ಬ್ಯಾಡ್ರಿ. ಕಮ್ಮಿ ನಾನೇ ಮಾಡಿಸೀನಿ. ಆರು ದಿನ ಆತು ನನಗ ಕಾಲು ಜೋಮು ಹಿಡದಿಲ್ಲ" ಎಂದೆ.

"ಗೊತ್ತದ" ಎಂದರು. "ನಿನ್ನೆ ಆ ಚಾಚಾನ ಕೇಳ್ದೆ, ಹೇಳ್ದ. ನಿಂಗೇನು ತಿಳಿತದ ಗಾಡಿಂದು? ತಿರುವಿನಾಗ ಎಮ್ಮಿ ಹಂಗ ಹೊಳ್ಳತದ ಅದು. ಗಾಳಿ ಕಮ್ಮಿ ಆದ್ರ ಟೈರಿನ ಅಂಚು ಸವೀತದ. ಹೊಸಾ ಟೈರ್ ಅವು."

"ಪುಸ್ತಕದಾಗ ಇಪ್ಪತ್ತಾರs ಬರದಾರ್ರೀ. ಮತ್ತ ನನ್ನ ಬೆನ್ನು?"

"ನಿನ್ನ ಬೆನ್ನಿಗಿ ಬೆಲ್ಟ್ ಅದಲ್ಲ. ಟೈರಿಗಿ ಏನದ?"

ಸಿಟ್ಟಿನಿಂದ ಅಂದಿದ್ದಲ್ಲ. ನ್ಯಾಯವಾದ ಮಾತೆಂದೇ ನಂಬಿ ಅಂದರು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಮೇಲೆ ಈ ಮನುಷ್ಯ ನನಗೂ ಟೈರಿಗೂ ಯಾರಿಗೆ ಏನಿದೆ ಎಂದು ಲೆಕ್ಕ ಹಾಕಿ, ಟೈರಿಗೆ ಏನೂ ಇಲ್ಲವೆಂದು ಕನಿಕರಪಟ್ಟರು. ಪಂಕ್ಚರಿನವನು ಪೈಪು ಹಿಡಿದು ನನ್ನ ಮುಖ ಒಮ್ಮೆ, ಅವರ ಮುಖ ಒಮ್ಮೆ ನೋಡಿದ. ಯಾರ ಮಾತು ಕೇಳಬೇಕೋ ಅವರ ಮಾತು ಕೇಳಿದ. ಗಾಳಿ ತುಂಬುವ ಸಪ್ಪಳ ಕೇಳುತ್ತ ನಾನು ಕೂತೇ ಇದ್ದೆ. ಕಾರು ನನ್ನ ಕೆಳಗೆ ಸ್ವಲ್ಪಸ್ವಲ್ಪವೇ ಮೇಲಕ್ಕೆ ಏಳುತ್ತಿತ್ತು.

ನನ್ನ ಮೇಲೆ ನನಗಿರುವ ಸಿಟ್ಟು ಇಷ್ಟೇ: ಮೂರನೆಯ ಚಕ್ರದ ತನಕ ಸುಮ್ಮನೆ ಕೂತೆ. ನಾಲ್ಕನೆಯದಕ್ಕೆ ಪೈಪು ಹಚ್ಚಿದಾಗ ಬಾಗಿಲು ತೆಗೆದು, ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಇಳಿದೆ. ಹುಮನಾಬಾದಿನ ಬಸ್ಸು ಬರುತ್ತಿತ್ತು, ಕೈ ಮಾಡಿದೆ. ಕಂಡಕ್ಟರು ಗುರುತು ಹಿಡಿದ. "ಟೀಚರ್! ಭಾಳ ದಿನಾತಲ್ರಿ. ಕಾರು ಏನಾತ್ರಿ?" "ಗಾಳಿ ಹಾಕಸ್ಲಾಕತ್ತಾರ" ಎಂದೆ. ಸೀಟು ಕೊಡಬಂದರು, ಬೇಡವೆಂದು ಕಂಬಿ ಹಿಡಿದು ಮೊಣಕಾಲು ಸಡಿಲ ಬಿಟ್ಟು ನಿಂತೆ. ಮೊಣಕಾಲಾದರೂ ನನ್ನ ಮಾತು ಕೇಳುತ್ತಿತ್ತು. ಕೆಂಪು ಕಾರು ಹಿಂದಿನಿಂದ ಹಾರ್ನು ಹೊಡೆಯುತ್ತ ಬಂತು. ಬಸ್ಸಿನವರೆಲ್ಲ ಕಿಟಕಿಯಲ್ಲಿ ಬಗ್ಗಿ ನೋಡಿ ನಕ್ಕರು. ಸ್ವಲ್ಪ ದೂರ ಬಂದು, ಅವಮಾನವಾಗಿರಬೇಕು, ತಿರುಗಿಸಿಕೊಂಡು ಹೋದರು.

ಆ ಸಂಜೆ ನಾನು ಮನೆಗೆ ಹೋಗಲಿಲ್ಲ. ಶಾಲೆಯ ಹಿಂದಿನ ಓಣಿಯಲ್ಲಿ ಅಂಗನವಾಡಿಯ ಒಬ್ಬ ಹೆಣ್ಣುಮಗಳ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ಹಲಗೆಯ ಮಂಚ, ಒಂದು ಸ್ಟೋವು, ಶಾಲೆಗೆ ಐದು ನಿಮಿಷದ ನಡಿಗೆ. ಇದನ್ನು ಮೊದಲ ದಿನವೇ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಂಡನ ಮನೆ ನಲವತ್ತು ಕಿಲೋಮೀಟರಿನಲ್ಲಿರುವಾಗ ಹೆಂಗಸೊಬ್ಬಳು ಬೇರೆ ಕೋಣೆ ಮಾಡಿದರೆ ಜನ ಏನೆನ್ನುತ್ತಾರೆ ಎಂಬುದು ಗೊತ್ತಿಲ್ಲದವರು ಮಾತ್ರ ಹಾಗೆ ಕೇಳುತ್ತಾರೆ. ಅಂದರು, ಎಲ್ಲವನ್ನೂ ಅಂದರು. ಜೇವರ್ಗಿ ಕಾಲೋನಿಯಲ್ಲಿ ಅರ್ಧ ಜನ ನನ್ನ ನಡತೆ ಸರಿಯಿಲ್ಲ ಎಂದರೆ, ಉಳಿದರ್ಧ ಜನ ತಲೆ ಸರಿಯಿಲ್ಲ ಎಂದರು. ಅತ್ತೆ ಹೇಳಿಕಳಿಸಿದ್ದು ಹೀಗೆ: "ಟೈರಿನ ಸಲುವಾಗಿ ಗಂಡನ ಮನಿ ಬಿಟ್ಟಾಕಿ ಈ ಜಿಲ್ಲಾದಾಗ ನೀನs ಮೊದಲ." ಯಜಮಾನರು ಮಾತ್ರ ಎಲ್ಲರ ಮುಂದೆ ದೊಡ್ಡ ಮನಸ್ಸಿನವರಾದರು. ಮಾಡಲಿ ಬಿಡ್ರಿ, ಅಕಿಗೆ ಅನುಕೂಲ ಆಗ್ತದಲ್ಲ, ಎನ್ನುತ್ತಿದ್ದರಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಬೆನ್ನು ಒಂದು ಹದಕ್ಕೆ ಬಂತು. ನೌಕರಿ ಉಳಿಯಿತು. ಎಡಗಾಲಿನ ಎರಡು ಬೆರಳು ಮಾತ್ರ ಮತ್ತೆ ನನ್ನವಾಗಲಿಲ್ಲ. ಆ ಆರು ದಿನದಲ್ಲಿ ತಿರುಗಿ ಬರಲು ನೋಡಿದ್ದವು, ಪಾಪ. ಗಾಳಿ ಇಳಿಸಿಯೇ ಬಿಟ್ಟಿದ್ದರೆ, ನಾನು ಆ ಬಸ್ಸು ಹತ್ತದಿದ್ದರೆ, ಪೂರ್ತಿ ಬರುತ್ತಿದ್ದವೋ ಏನೋ. ಡಾಕ್ಟರೂ ಹಾಗೆಂದು ಹೇಳಲಿಲ್ಲ, ಹಾಗಲ್ಲವೆಂದೂ ಹೇಳಲಿಲ್ಲ. ದುಬಾರಿ ಔಷಧ ಬೇಕಿದ್ದರೆ, ಇಲ್ಲ ಎಂದಿದ್ದಕ್ಕೆ ಒಂದು ಅರ್ಥವಿರುತ್ತಿತ್ತು. ನನಗೆ ಬೇಕಿದ್ದದ್ದು ಹದಿನಾಲ್ಕು ಪಾಯಿಂಟು ಗಾಳಿ ಕಡಿಮೆ, ಅಷ್ಟೇ. ಅದನ್ನೂ ಕೊಡಲಾಗಲಿಲ್ಲ ನಮ್ಮ ಯಜಮಾನರಿಗೆ.

ಎರಡು ವರ್ಷದ ಮೇಲೆ ಕಾರು ಮಾರಿದರು. ನಾನು ದಸರೆಯ ರಜೆಗೆ ಮನೆಗೆ ಬಂದಿದ್ದೆ. ಕುಸನೂರಿನ ಕಡೆಯ ಒಬ್ಬ ಯುವಕ, ಹೊಲವೆಲ್ಲ ಪ್ಲಾಟಾಗಿ ಕೈಯಲ್ಲಿ ಕಾಸು ಆಡುತ್ತಿತ್ತು, ಕಾರು ನೋಡಲು ಬಂದ. ಜೊತೆಗೆ ಹೆಂಡತಿ, ಐದಾರು ತಿಂಗಳ ಬಸುರಿ. ಗೇಟಿನ ಹತ್ತಿರ ಬಿಸಿಲಿನಲ್ಲೇ ನಿಂತಿದ್ದಳು. ನಾನು ಕುರ್ಚಿ ತಂದುಹಾಕಿದೆ. ಅಂಗಳದಲ್ಲಿ ನಮ್ಮವರು ಹೇಳುತ್ತಿದ್ದರು: "ಟೈರ್ ನೋಡ್ರಿ, ಹೊಸಾವು ಇದ್ದಂಗ ಅದಾವ. ನಮ್ಮ ಮನಿಯವರ ಸಲುವಾಗಿ ಖಾಸ್ ಮೆತ್ತನ್ನವು ಹಾಕಿಸಿದ್ದೆ. ಅಕಿಗಿ ಕಾರಿನಾಗ ಕೂಡೋದೇ ಸೇರಂಗಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಗಂಡಸರಿಗೆ ಹೇಳಿ ಉಪಯೋಗವಿಲ್ಲವೆಂದು ಆ ಹುಡುಗಿಗೇ ಹೇಳಿದೆ. "ತಂಗಿ, ಖರೀದಿ ಮಾಡೂಕಿಂತ ಮೊದಲ ನೀ ಒಮ್ಮೆ ಕೂತು ನೋಡು. ಒಂದು ಸುತ್ತು ಹೋಗಿ ಬಾ. ಹೊಟ್ಟಿ ಬ್ಯಾರೆ ಅದ ನಿಂದು."

"ಅಯ್ಯ, ನನಗೇನು ತಿಳಿತದ್ರಿ ಅಕ್ಕಾರ ಗಾಡಿಂದು. ಅವರಿಗಿ ಮನಸಿಗಿ ಬಂದ್ರ ಆತು."

"ಗಾಡಿಂದು ತಿಳಿಯೋದು ಬ್ಯಾಡ ತಂಗಿ. ನಿನ್ನ ಮೈದು ನಿನಗ ತಿಳಿತದಲ್ಲ?"

ಮುದುಕಿ ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡಿತೋ ಏನೋ ಆ ಕೂಸು, ಸೆರಗು ಬಾಯಿಗೆ ಹಿಡಿದು ನಕ್ಕಿತು. ಆಕೆಯ ಗಂಡ ಅಷ್ಟರಲ್ಲಿ ಟೈರಿಗೆ ಬೂಟುಗಾಲಿನಿಂದ ಎರಡು ಸಲ ಒದ್ದು, "ಭಾರೀ ಗಟ್ಟಿ ಅದಾವ ನೋಡು" ಎಂದು ಅವಳನ್ನು ಕೂಗಿ ಹೇಳಿದ. ಅವಳು ಹೂಂ ಅಂದಳು.